ಮಗುಚಿಟ್ಟ ಚೀಟಿ

ಹಲ್ಲುಜ್ಜುತ್ತಿರುವಾಗಲೇ ಅವನ ಭಾಷಣದ ಮೂರನೆಯ ಅಂಶ ಕೈಕೊಟ್ಟಿತು. ಮೊದಲನೆಯದು ಗಟ್ಟಿಯಾಗಿತ್ತು: ಮನುಷ್ಯನಾದವನು ತಪ್ಪುತ್ತಾನೆ, ಪೋಪನೂ ಮನುಷ್ಯನೇ. ಎರಡನೆಯದು ಅದಕ್ಕಿಂತ ಗಟ್ಟಿ: ವೇದಗ್ರಂಥಕ್ಕೆ ಎಂದೂ ತಪ್ಪದ ಅರ್ಥ ಹೇಳುವ ವರ ತಮ್ಮ ಸಭೆಗೆ ಮಾತ್ರ ಇದೆ ಎನ್ನುವ ಕಥೋಲಿಕರನ್ನು, ಹಾಗಾದರೆ ಇಷ್ಟು ಶತಮಾನಗಳಲ್ಲಿ ಹಾಗೆ ಅರ್ಥ ಹೇಳಿ ಮುಗಿಸಿದ ವಚನಗಳ ಪಟ್ಟಿ ಕೊಡಿ ಎಂದು ಕೇಳಿದರೆ ಅವರು ಕೆಮ್ಮುತ್ತಾರೆ. ಮೂರನೆಯದೇ ಅವನಿಗೆ ಬಲು ಪ್ರೀತಿಯದು, ಪೇತ್ರ ಪೌಲರ ಜಗಳ. ಅವರು ಮೊದಲ ಪೋಪ್ ಎಂದು ತಲೆಯ ಮೇಲೆ ಹೊತ್ತುಕೊಂಡಿರುವ ಪೇತ್ರ, ಯೆಹೂದ್ಯರಲ್ಲದ ಹೊರಗಿನವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದವನು, ಕಟ್ಟುನಿಟ್ಟಿನ ಜನ ಬಂದರೆಂದು ಮೆಲ್ಲಗೆ ಎದ್ದು ಬೇರೆ ಕೂತ. ಪೌಲ ಎಲ್ಲರ ಎದುರಿಗೇ ಅವನ ಮುಖಕ್ಕೆ ಮುಖ ಕೊಟ್ಟು, ನೀನು ಮಾಡಿದ್ದು ತಪ್ಪು ಎಂದ. ಇಂದು ಸಂಜೆ ಆರು ಗಂಟೆಗೆ ತನ್ನ ಪ್ರೊಟೆಸ್ಟಂಟ್ ಸಭೆಯ ಪ್ರಾರ್ಥನಾಲಯದಲ್ಲಿ ಅರವತ್ತು ಜನರ ಮುಂದೆ ಈ ಜಗಳದ ಹತ್ತಿರ ಬಂದಾಗ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕು, ಆಮೇಲೆ ದನಿ ತಗ್ಗಿಸಬೇಕು ಎಂದೆಲ್ಲ ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದ. ಆದರೆ ನಿನ್ನೆ ಮನೆಯ ಪ್ರಾರ್ಥನೆ ಮುಗಿದ ಮೇಲೆ ಹದಿನಾರರ ಮಗಳು ಕಾಲು ಚಾಚಿ ಕೂತು ಕೇಳಿದ್ದಳು. “ಅಪ್ಪಾ, ಪೌಲ ಬೈದಿದ್ದೇನೋ ಸರಿ. ಅದಕ್ಕೆ ಪೇತ್ರ ಏನಂದ?”

“ಬರೆದಿಲ್ಲ.”

“ಯಾಕೆ ಬರೆದಿಲ್ಲ?”

“ಬರೆಯದೆ ಇದ್ದದ್ದನ್ನ ಕೆದಕೋಕೆ ಹೋಗಬಾರದು. ಏಳು, ಹೋಗಿ ಓದ್ಕೊ.”

ಹುಡುಗಿ ಎದ್ದುಹೋದಳು. ಅವಳು ಹಾಗೆ ಎದ್ದುಹೋಗುವಾಗ ಬಾಗಿಲನ್ನು ಶಬ್ದವಾಗದಂತೆ ಹಾಕುತ್ತಾಳೆ; ಅದಕ್ಕಿಂತ ಧಡಾರನೆ ಹಾಕಿದ್ದರೆ ವಾಸಿಯಿತ್ತು. ಈಗ ಬಾಯಿ ಮುಕ್ಕಳಿಸುತ್ತ ಕನ್ನಡಿ ನೋಡಿಕೊಂಡರೆ ಅದೇ ಪ್ರಶ್ನೆ ಎದುರಿಗೆ ನಿಂತಿತ್ತು. ಪೇತ್ರ ಏನಂದ? ಸಿಟ್ಟಾದನೋ, ಅತ್ತನೋ, ಹೌದಪ್ಪ ಎಂದು ಮತ್ತೆ ಹಳೆಯ ಮೇಜಿಗೇ ಬಂದು ಕೂತನೋ? ಇಪ್ಪತ್ತು ವರ್ಷದಿಂದ ಆ ಭಾಗ ಓದುತ್ತಿದ್ದವನಿಗೆ ಎಂದೂ ಈ ಕುತೂಹಲ ಬಂದಿರಲಿಲ್ಲ ಎನ್ನುವುದು ಪ್ರಶ್ನೆಗಿಂತ ಹೆಚ್ಚು ಚುಚ್ಚಿತು. ತಾನು ಯಾವಾಗಲೂ ಪೌಲನ ಪಕ್ಕದಲ್ಲೇ ನಿಂತು ಓದಿದ್ದ. ಬೈಯುವವನ ಪಕ್ಕ ನಿಲ್ಲುವುದು ಸುಲಭ.

ಅಡುಗೆಮನೆಯಲ್ಲಿ ಹೆಂಡತಿ ಅವನ ಡಬ್ಬಿಗೆ ಬ್ರೆಡ್ಡು ತುಂಬುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಕಥೋಲಿಕರ ಮನೆಯಲ್ಲಿ. ಮದುವೆಯಾದ ಮೇಲೆ ಅವನ ಸಭೆಗೆ ಬಂದವಳು, ಬಂದ ಮೇಲೆ ಅಲ್ಲೇ ಇದ್ದಾಳೆ, ಆದರೆ ಗುಡುಗಿದರೆ ಅವಳ ಕೈ ತಾನಾಗಿಯೇ ಶಿಲುಬೆಯ ಗುರುತು ಹಾಕಲು ಹಣೆಗೆ ಹೋಗಿ ಎದೆಗಿಳಿಯುತ್ತದೆ. ಮೊದಮೊದಲು ಅವನು ಹುಬ್ಬು ಗಂಟಿಕ್ಕುತ್ತಿದ್ದ. ಈಗ ಗುಡುಗಿದಾಗ ಬೇಕೆಂದೇ ಬೇರೆ ಕಡೆ ನೋಡುತ್ತಾನೆ, ಅದನ್ನೊಂದು ದೊಡ್ಡ ಔದಾರ್ಯವೆಂದು ಎಣಿಸಿಕೊಂಡು. “ನಿನ್ನೆ ಅವಳು ಕೇಳಿದ್ದು ನಂಗೂ ಬೇಕಾಗಿತ್ತು,” ಎಂದಳು ಡಬ್ಬಿಯ ಮುಚ್ಚಳ ಒತ್ತುತ್ತ, “ಆದ್ರೆ ನಮ್ಮನೇಲಿ ಕೇಳೋ ಹಾಗಿಲ್ಲವಲ್ಲ.” ಅವನು, ಯಾರು ಬೇಡ ಅಂದ್ರು, ಎಂದ. ಅವಳು ಡಬ್ಬಿ ಕೈಗಿತ್ತು, ಸಂಜೆ ಇಸ್ತ್ರಿ ಅಂಗಿ ತರಬೇಕಾ ಇಲ್ಲಾ ಇದರಲ್ಲೇ ಹೋಗ್ತೀರಾ ಎಂದು ಕೇಳಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹಾಳೆಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ, ಓದಲಿಲ್ಲ. ಭಾನುವಾರ ಭಾಮೈದ ಬಂದಿದ್ದ. ಅವನು ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು, ರಜಾದಿನಗಳಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ. ಊಟಕ್ಕೆ ಬಂದಾಗಲೂ ಕೊರಳಲ್ಲಿ ಸೀಟಿ ತೂಗುತ್ತಿರುತ್ತದೆ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಅಕ್ಕನ ಮನೆಗೆ ಬಂದು ಭಾವನನ್ನು ಕೆಣಕುವುದು ಅವನ ಭಾನುವಾರದ ಎರಡನೆಯ ವ್ರತ. “ಭಾವ, ಬುಧವಾರ ನಮ್ಮ ಪೋಪನಿಗೆ ಕೆಂಪು ಕಾರ್ಡ್ ಅಂತೆ?” ಎಂದು ಶುರು ಮಾಡಿದ್ದ. “ನಾನೊಂದು ಮಾತು ಹೇಳ್ತೀನಿ ಕೇಳಿ. ಮೈದಾನದಲ್ಲಿ ಇಪ್ಪತ್ತೆರಡು ಜನ. ಎಲ್ರ ಹತ್ರನೂ ನಿಯಮದ ಪುಸ್ತಕ ಇದೆ ಅಂತಿಟ್ಕೊಳ್ಳಿ. ಎಲ್ರೂ ನಂಗೆ ಹೀಗೆ ಅರ್ಥ ಆಯ್ತು ಅಂದ್ರೆ ಆಟ ನಡೆಯುತ್ತಾ? ಒಬ್ಬ ಸೀಟಿ ಊದಬೇಕು. ಊದಿದ ಮೇಲೆ ಮುಗೀತು.”

“ಮುಗೀತು ಅನ್ನೋದು ಬೇರೆ, ತಪ್ಪೇ ಆಗಲ್ಲ ಅನ್ನೋದು ಬೇರೆ ಕಣೋ,” ಎಂದಿದ್ದ ಅವನು. ಇದು ತನ್ನ ಒಳ್ಳೆಯ ಮಾತುಗಳಲ್ಲೊಂದು ಎಂದು ಹೇಳುವಾಗಲೇ ಅನ್ನಿಸಿತ್ತು. “ನೀನು ಊದಿದ ಸೀಟಿಗೆ ನಾನು ತಲೆ ಬಾಗ್ತೀನಿ. ಆದ್ರೆ ನಿನ್ನ ಕಣ್ಣು ಯಾವತ್ತೂ ತಪ್ಪಲ್ಲ ಅಂತ ನಂಬು ಅಂದ್ರೆ ಹೇಗೆ? ಮನೆಗೆ ಹೋಗಿ ನೀನೇ ಹೇಳ್ತೀಯ, ಅಯ್ಯೋ ಅದು ಗೋಲಾಗಿತ್ತು ಅಂತ.”

“ಅದಕ್ಕೇ ನನ್ನ ಸೀಟಿಗೆ ಪವಿತ್ರಾತ್ಮರ ಬೆಂಬಲ ಇಲ್ಲ, ಅವರ ಸೀಟಿಗಿದೆ.”

“ಇದೆ ಅಂತ ಯಾರು ಹೇಳಿದ್ರು?”

“ಅವರೇ,” ಎಂದು ಭಾಮೈದ ಗೊಳ್ಳೆಂದು ನಕ್ಕಿದ್ದ, ಅಕ್ಕನೂ ನಕ್ಕಿದ್ದಳು, ಮಗಳೂ. ಅವನಿಗೆ ಗೆದ್ದಂತಾಗಿ, ಗೆದ್ದ ಉಮೇದಿನಲ್ಲಿ ಮುಂದುವರಿಸಿದ. ಸರಿ, ತಪ್ಪದ ಗುರು ಒಬ್ಬನಿದ್ದಾನೆ ಅಂತಲೇ ಇಟ್ಟುಕೋ, ಆ ಗುರುವನ್ನು ಆರಿಸಿಕೊಂಡದ್ದು ತಪ್ಪು ಮಾಡುವ ನಿನ್ನ ತಲೆಯೇ ತಾನೆ? ಅವನು ಹೇಳಿದ್ದನ್ನು ಕೇಳಿ ಅರ್ಥ ಮಾಡಿಕೊಳ್ಳುವುದೂ ಅದೇ ತಲೆಯೇ ತಾನೆ? ಎಷ್ಟು ಸುತ್ತಿ ಬಂದರೂ ನೀನೇ ನೋಡಬೇಕು, ನೋಡುವ ಕೆಲಸವನ್ನು ಇನ್ನೊಬ್ಬನ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ದೇವರು ಬಿಡುವುದಿಲ್ಲ. ಭಾಮೈದ ಆಗ ನಗು ನಿಲ್ಲಿಸಿ, ತಟ್ಟೆಯಲ್ಲಿ ಬೆರಳಾಡಿಸುತ್ತ, “ಅದು ಸರಿ ಭಾವ. ಆದ್ರೆ ಒಬ್ಬ ಪೋಪ್ ಬೇಡ ಅಂತ ಹೊರಟು ಮನೆಗೊಬ್ಬ ಪೋಪ್ ಆಗಿಬಿಟ್ರಲ್ಲ ನೀವೆಲ್ಲ,” ಎಂದ. ಯಾರೂ ನಗಲಿಲ್ಲ. ಹೆಂಡತಿ ನೀರು ತರಲು ಒಳಗೆ ಹೋದಳು. ಮಗಳು ಗೋಡೆ ನೋಡುತ್ತಿದ್ದಳು. ನಗದೇ ಇದ್ದದ್ದು ಅವನಿಗೆ ಈಗಲೂ, ಬಸ್ಸು ಆಸ್ಪತ್ರೆಯ ನಿಲ್ದಾಣ ಮುಟ್ಟಿದಾಗಲೂ, ಕಾಲಿಗೆ ಚುಚ್ಚಿದ ಮುಳ್ಳಿನಂತೆ ಇತ್ತು. ಆದರೆ ಅವನನ್ನು ಅಂಜಿಸುತ್ತಿದ್ದದ್ದು ಅದಲ್ಲ, ಅದಕ್ಕೆ ಮುಂಚಿನ ತನ್ನದೇ ವಾಕ್ಯ. ನೋಡುವ ಕೆಲಸ. ಆ ಮಾತು ಬಾಯಿಂದ ಬಂದಾಗ ಅವನ ಕಿವಿ ಬಿಸಿಯಾಗಿತ್ತು, ಯಾರೂ ಗಮನಿಸಿರಲಿಲ್ಲ.

ಏಕೆಂದರೆ ಅವನ ಕಸುಬೇ ನೋಡುವುದು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವನು. ಜನರ ಕುತ್ತಿಗೆಯಿಂದ, ಎದೆಯಿಂದ, ಕಂಕುಳಿಂದ ಸೂಜಿಯಲ್ಲಿ ತೆಗೆದ ಚೂರನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ತಂದಿಡುತ್ತಾರೆ. ಅದರಲ್ಲಿ ಕೆಟ್ಟ ಕೋಶ ಇದೆಯೋ ಇಲ್ಲವೋ ಹೇಳಬೇಕು. ಒಬ್ಬರು ಹೇಳಿದರೆ ಸಾಲದು, ಇಬ್ಬರು ಹೇಳಬೇಕು. ಇದು ಲ್ಯಾಬಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರೇ ಹತ್ತೊಂಬತ್ತು ವರ್ಷದ ಹಿಂದೆ ಮಾಡಿದ ನಿಯಮ. ಮೊದಲು ಅವರು ನೋಡಿ ತಮ್ಮ ಅಭಿಪ್ರಾಯವನ್ನು ಸಣ್ಣ ಚೀಟಿಯಲ್ಲಿ ಬರೆದು, ಬರೆದ ಬದಿ ಕೆಳಗಾಗಿ ಮಗುಚಿ ಟ್ರೇಯಲ್ಲಿಡುತ್ತಾರೆ. ಅದೇ ಟ್ರೇ ಅವನ ಮೇಜಿಗೆ ಬರುತ್ತದೆ. ಅವನು ಆ ಚೀಟಿ ಮುಟ್ಟದೆ, ತಾನೂ ನೋಡಿ, ತನ್ನ ಚೀಟಿ ಬರೆದು ಅದರ ಮೇಲೆ ಮಗುಚಿಡಬೇಕು. ಎರಡನ್ನೂ ತಿರುವಿ ಹೋಲಿಸುವುದು ಆಫೀಸಿನವರ ಕೆಲಸ. ಹೊಂದಿದರೆ ವರದಿ ಹೋಗುತ್ತದೆ, ಹೊಂದದಿದ್ದರೆ ಗಾಜು ಬೇರೆ ಊರಿನ ಮೂರನೆಯವರಿಗೆ ಹೋಗುತ್ತದೆ. ನಿಯಮ ಮಾಡಿದ ದಿನ ದೊಡ್ಡ ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು, ನನ್ನ ಕಣ್ಣನ್ನ ನೀವು ನಂಬಬೇಡಿ, ನಿಮ್ಮ ಕಣ್ಣನ್ನ ನಾನು ನಂಬಲ್ಲ, ಆಗ ರೋಗಿ ಬದುಕ್ತಾನೆ ಎಂದಿದ್ದರು. ಆ ದಿನ ಅವನಿಗೆ ರೋಮಾಂಚನವಾಗಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಎರಡನೇ ಕಣ್ಣು ಎಂದೇ ಕರೆಯಲು ಶುರು ಮಾಡಿದರು. ಆ ಹೆಸರನ್ನು ಹೆಂಡತಿಗೆ ಹೇಳುವಾಗ ನಾಚಿಕೆಯಾದಂತೆ ನಟಿಸಿದ್ದ.

ಹದಿನಾಲ್ಕು ತಿಂಗಳ ಹಿಂದೆ ಒಂದು ಗಾಜಿನಲ್ಲಿ ಅವನು ಅನುಮಾನ ಎಂದು ಬರೆದ. ದೊಡ್ಡ ಡಾಕ್ಟರು ದೋಷವಿಲ್ಲ ಎಂದು ಬರೆದಿದ್ದರು. ಗಾಜು ಮೂರನೆಯವರಿಗೆ ಹೋಗಿ ಬಂತು. ದೋಷವಿಲ್ಲ. ಅದರಲ್ಲೇನೂ ಅವಮಾನವಿರಲಿಲ್ಲ, ಮೂರನೆಯವರು ಇರುವುದೇ ಅದಕ್ಕೆ. ಆದರೆ ತಿಂಗಳ ಸಭೆಯಲ್ಲಿ, ಚಹಾ ಹೀರುತ್ತ, ದೊಡ್ಡ ಡಾಕ್ಟರು, “ನಮ್ಮ ಎರಡನೇ ಕಣ್ಣಿಗೆ ಒಂದು ಕನ್ನಡಕ ಕೊಡಿಸಬೇಕು ಅಂತ ಕಾಣುತ್ತೆ,” ಎಂದರು. ನರ್ಸುಗಳು ನಕ್ಕರು, ಹೊಸದಾಗಿ ಬಂದ ಟೆಕ್ನೀಷಿಯನ್ ಹುಡುಗಿಯರು ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಮಾರನೆಯ ಬೆಳಿಗ್ಗೆ ಮೊದಲ ಟ್ರೇ ಬಂದಾಗ ಅವನ ಎಡಗೈಯ ಉಗುರು, ಮಾಲೀಕನಿಗೆ ಗೊತ್ತಿಲ್ಲದಂತೆ ಕೆಲಸ ಮಾಡುವ ಆಳಿನ ಹಾಗೆ, ಚೀಟಿಯ ಮೂಲೆಯನ್ನು ಎತ್ತಿ ನೋಡಿ ಬಿಟ್ಟಿತು. ಬರೀ ಒಂದು ಸಲ. ಸಂಜೆಯ ಹೊತ್ತಿಗೆ ಎಲ್ಲ ಟ್ರೇಗಳದ್ದೂ. ಈಗ ಚೀಟಿ ನೋಡಿಯೇ ಗಾಜಿಗೆ ಕಣ್ಣಿಡುವುದು, ಆಮೇಲೆ ಗಾಜಿನಲ್ಲಿ ಚೀಟಿಯಲ್ಲಿದ್ದದ್ದೇ ಕಾಣುವುದು. ಮೋಸ ಎನ್ನಲೂ ಬಾರದು. ನಿಜವಾಗಿಯೂ ಹಾಗೇ ಕಾಣುತ್ತಿತ್ತು. ಒಂದೇ ಒಂದು ಸಲ ಬಿಟ್ಟು.

ಆ ಒಂದು ಸಲದವಳು ಇವತ್ತು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಅವನು ಮೊದಲು ಗುರುತು ಹಿಡಿದದ್ದು ಅವಳನ್ನಲ್ಲ, ರವಿಕೆಯ ತೋಳಿಗೆ ಚುಚ್ಚಿಕೊಂಡಿದ್ದ, ದಾರ ಪೋಣಿಸಿದ ಸೂಜಿಯನ್ನು. ಬಟ್ಟೆ ಹೊಲಿಯುವ ಹೆಂಗಸು. ಹದಿಮೂರು ವಾರದ ಹಿಂದೆ ಕುತ್ತಿಗೆಯ ಗಂಟಿಗೆಂದು ಬಂದಾಗಲೂ ಅದು ಅಲ್ಲೇ ಇತ್ತು, ನರ್ಸು ಬೈದು ತೆಗೆಸಿದ್ದಳು. ಆ ದಿನ ಯಾಕೋ ಅವನು ಚೀಟಿಗಿಂತ ಮೊದಲು ಗಾಜು ನೋಡಿದ್ದ. ಅಂಚಿನಲ್ಲಿ ಒಂದು ಗುಂಪು, ಏಳೆಂಟು ಕೋಶಗಳು, ಒಂದರ ಮೇಲೊಂದು ಏರಿ ಕೂತಂತೆ, ನಡುವಿನ ಕಪ್ಪು ಊದಿಕೊಂಡು. ಪೆನ್ಸಿಲಿನಲ್ಲಿ ಅನುಮಾನ ಎಂದು ಬರೆದ. ಆಮೇಲೆ ಉಗುರು ಎದ್ದಿತು. ಚೀಟಿಯಲ್ಲಿ ದೊಡ್ಡ ಡಾಕ್ಟರ ದುಂಡು ಅಕ್ಷರ: ದೋಷವಿಲ್ಲ. ರಬ್ಬರು ಹುಡುಕಿ ತಂದು ಉಜ್ಜಿದ್ದ. ಉಜ್ಜಿದ ಪುಡಿಯನ್ನು ಉಫ್ ಎಂದು ಊದಿದ್ದೂ ನೆನಪಿದೆ.

“ಅಣ್ಣಾ, ನೀವು ಒಳಗಡೆ ಇರೋರಲ್ವಾ?” ಎಂದಳು ಅವಳು. ಈಗ ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡಿದ್ದಳು. “ಮತ್ತೆ ಸೂಜಿ ಹಾಕಿ ತಗೊಂಡ್ರು. ಗಂಟು ಸ್ವಲ್ಪ ದಪ್ಪ ಆಗಿದೆ ಅಂತ ಡಾಕ್ಟರಮ್ಮ ಕಳಿಸಿದ್ರು. ನಾನೇ ಬರ್ತಿರಲಿಲ್ಲ. ಹೋದ ಸಲ ಏನೂ ಇಲ್ಲ ಅಂತ ಕೊಟ್ಟಿದ್ರಲ್ಲ.”

“ಹೌದಾ,” ಎಂದ.

“ಇಬ್ಬಿಬ್ಬರು ನೋಡ್ತಾರಂತಲ್ಲ ಇಲ್ಲಿ. ನಮ್ಮ ಪಕ್ಕದ ಮನೆಯವಳು ಹೇಳಿದ್ಲು, ಒಬ್ಬರ ಕಣ್ಣು ತಪ್ಪಿದ್ರೂ ಇನ್ನೊಬ್ಬರದ್ದು ತಪ್ಪಲ್ಲ ಅಂತ. ಅದಕ್ಕೇ ನೆಮ್ಮದಿಯಾಗಿ ಮಲಗಿದ್ದೆ ಇಷ್ಟು ದಿನ.”

ಅವನು ತಲೆಯಾಡಿಸಿ ಒಳಗೆ ಹೋದ. ಒಳಗೆ ಹೋಗಿ ಕೋಟು ಹಾಕಿಕೊಂಡ, ಮೈಕ್ರೋಸ್ಕೋಪಿನ ದೀಪ ಹಚ್ಚಿದ, ಆರಿಸಿದ. ಹಳೆಯ ಗಾಜುಗಳ ಬೀರು ಗೋಡೆಯ ಪಕ್ಕದಲ್ಲೇ ಇತ್ತು, ಹದಿಮೂರು ವಾರದ ಹಿಂದಿನ ಸಾಲು ಮೊಣಕಾಲಿನ ಎತ್ತರದಲ್ಲಿ. ಬಗ್ಗಿ ತೆಗೆದುಕೊಂಡು ನೋಡುವುದು ಎರಡು ನಿಮಿಷದ ಕೆಲಸ. ಎರಡು ನಿಮಿಷದ ಆ ಕೆಲಸವನ್ನು ಅವನು ಹತ್ತೂವರೆಯವರೆಗೆ ಮಾಡಲಿಲ್ಲ. ಪೆನ್ಸಿಲು ಚೂಪು ಮಾಡಿದ. ಬೇರೆ ಟ್ರೇಗಳನ್ನು ಮುಗಿಸಿದ, ಉಗುರು ತನ್ನ ಪಾಡಿಗೆ ತಾನು ಚೀಟಿ ಎತ್ತುತ್ತ ಹೋಯಿತು. ಕೊನೆಗೆ ಬಗ್ಗಿ ತೆಗೆದು ನೋಡಿದರೆ ಗುಂಪು ಅಲ್ಲೇ ಇತ್ತು. ಇನ್ನೊಮ್ಮೆ ನೋಡಿದರೆ ಅಷ್ಟೇನೂ ಕೆಟ್ಟದ್ದಲ್ಲ ಎನಿಸಿತು. ಮೂರನೆಯ ಸಲ ತನಗೆ ಏನು ಕಾಣುತ್ತಿದೆ ಎನ್ನುವುದೇ ತಿಳಿಯದೆ, ಕಣ್ಣು ತೆಗೆದು ಗೋಡೆ ನೋಡಿದ. ಉತ್ತರ ನೋಡಿಕೊಂಡು ಲೆಕ್ಕ ಮಾಡಿದವನಿಗೆ ಪರೀಕ್ಷೆಯಲ್ಲಿ ಕೈ ಓಡದಂತೆ, ಹದಿನಾಲ್ಕು ತಿಂಗಳಲ್ಲಿ ಅವನ ಕಣ್ಣು ಒಂಟಿಯಾಗಿ ನೋಡುವುದನ್ನೇ ಮರೆತಿತ್ತು. ಇವಳೊಬ್ಬಳೇ ಅಲ್ಲವಲ್ಲ. ಬೀರುವಿನ ತುಂಬ ಹದಿನಾಲ್ಕು ತಿಂಗಳ ಗಾಜು.

ದೊಡ್ಡ ಡಾಕ್ಟರ ಕೋಣೆ ಕಾರಿಡಾರಿನ ಆ ತುದಿಗೆ. ಹೋಗಿ ಹೇಳಿಬಿಡಬೇಕು. ಎದ್ದ. ಬಾಗಿಲವರೆಗೆ ಹೋದ. ಒಳಗೆ ಅವರು ಫೋನಿನಲ್ಲಿ ಮಾತಾಡುತ್ತಿದ್ದರು, ಅಷ್ಟೇ ಸಾಕಾಯಿತು ವಾಪಸ್ಸು ಬರಲು. ಮತ್ತೊಮ್ಮೆ ಹೋದಾಗ ಫೋನಿರಲಿಲ್ಲ, ಆದರೆ ಚಹಾದ ಲೋಟ ಬಾಯಲ್ಲಿತ್ತು. ಮರಳಿ ಬರುವಾಗ ಮನಸ್ಸು ಎಷ್ಟು ಚೆನ್ನಾಗಿ ವಾದ ಮಾಡುತ್ತಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು. ಅವರು ಓದಿದವರು, ವಿದೇಶದಲ್ಲಿ ಕಲಿತವರು, ಮೂವತ್ತು ವರ್ಷದ ಅನುಭವ. ನಾನು ಯಾರು, ಬಣ್ಣ ಹಾಕುವ ಕೆಲಸದಿಂದ ಮೇಲೆ ಬಂದವನು. ನನಗೆ ಕಂಡದ್ದೇ ಸರಿ ಎನ್ನುವುದು ಅಹಂಕಾರವಲ್ಲವೆ? ಎಲ್ಲರೂ ನನಗೆ ಹೀಗೆ ಕಾಣುತ್ತದೆ ಎಂದರೆ ಲ್ಯಾಬು ನಡೆಯುತ್ತದೆಯೆ? ಒಬ್ಬರು ಸೀಟಿ ಊದಬೇಕಲ್ಲ. ಇಲ್ಲಿಗೆ ಬಂದಾಗ ಅವನು ಕಾರಿಡಾರಿನ ನಡುವೆಯೇ ನಿಂತುಬಿಟ್ಟ. ಭಾಮೈದನ ಮಾತು, ಭಾಮೈದನ ದನಿಯಲ್ಲೇ, ತನ್ನ ತಲೆಯೊಳಗೆ. ಇಲ್ಲ, ಭಾಮೈದನ ಮಾತಿಗಾದರೂ ಒಂದು ಮರ್ಯಾದೆಯಿತ್ತು. ಅವನು ನಂಬಿ ತಲೆಬಾಗುತ್ತಾನೆ. ನಾನು ನಂಬದೆ ಬಾಗಿದೆ. ನಗುವಿಗೆ ಹೆದರಿ ಬಾಗಿದೆ. ಅಲ್ಲಿ ಬೆಂಚಿನ ಮೇಲೆ ಅವಳು ತನ್ನ ಚೀಲದಿಂದ ಯಾರದೋ ಅಂಗಿ ತೆಗೆದು ಗುಂಡಿ ಹಚ್ಚುತ್ತ ಕೂತಿದ್ದಳು. ಅವನು ನಿಂತದ್ದು ನೋಡಿ ನಕ್ಕಳು.

ಹನ್ನೆರಡರ ಹೊತ್ತಿಗೆ ಅವಳ ಹೊಸ ಗಾಜಿನ ಟ್ರೇ ಬಂತು. ಚೀಟಿ ಎಂದಿನಂತೆ ಮಗುಚಿತ್ತು. ಇವತ್ತು ಎತ್ತುವುದಿಲ್ಲ ಎಂದುಕೊಂಡ. ಎತ್ತುವುದಿಲ್ಲ ಎಂದುಕೊಳ್ಳುತ್ತಿರುವಾಗಲೇ ಉಗುರು ಎತ್ತಿತು. ಚೀಟಿ ಖಾಲಿಯಿತ್ತು. ಪೂರ್ತಿ ತಿರುವಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಗಾಜಿನ ನಂಬರು ಬಿಟ್ಟರೆ ಒಂದಕ್ಷರವಿರಲಿಲ್ಲ. ಕತ್ತಲೆಯಲ್ಲಿ ಮೆಟ್ಟಿಲು ಇದೆಯೆಂದು ಕಾಲಿಟ್ಟು ನೆಲ ಸಿಕ್ಕಿದಾಗಿನ ಹಾಗೆ ಮೈ ಜೋಲಿ ಹೊಡೆಯಿತು. ಮರೆತರೋ? ಆ ಮನುಷ್ಯ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಮರೆತವರಲ್ಲ. ಖಾಲಿ ಚೀಟಿಯನ್ನು ಇದ್ದಂತೆಯೇ ಮಗುಚಿಟ್ಟು, ಬೇರೆ ದಾರಿಯಿಲ್ಲದೆ, ಗಾಜಿಗೆ ಕಣ್ಣಿಟ್ಟ.

ಮೊದಲು ಏನೂ ಕಾಣಲಿಲ್ಲ, ಬರೀ ನೇರಳೆ ಬಣ್ಣ. ಕಣ್ಣು ಮುಚ್ಚಿ ತೆರೆದ. ಪ್ರಾರ್ಥನೆ ಮಾಡಲು ಹೊರಟು, ಏನೆಂದು ಕೇಳಬೇಕೆಂದು ಹೊಳೆಯದೆ ಬಿಟ್ಟ. ಕನ್ನಡಕ ಕೊಡಿಸಬೇಕು ಎಂದ ದನಿ, ನರ್ಸುಗಳ ನಗು, ಎಲ್ಲ ಒಂದು ಸುತ್ತು ಬಂದು ಹೋದವು. ಆಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ ಕೂತ ಹಾಗೆ, ಮೂಲೆಯಿಂದ ಶುರು ಮಾಡಿ, ಸಾಲು ಸಾಲಾಗಿ, ಇಪ್ಪತ್ತೆರಡು ವರ್ಷದ ಹಿಂದೆ ಕಲಿತಂತೆ ನೋಡತೊಡಗಿದ. ಎರಡನೆಯ ಸಾಲಿನಲ್ಲೇ ಇದ್ದವು. ಒಂದು ಗುಂಪಲ್ಲ, ನಾಲ್ಕು. ನಾಲ್ಕನೆಯ ಸಾಲಿನಲ್ಲಿ ಮತ್ತೆ. ಎಷ್ಟು ಸಲ ಬೇಕಾದರೂ ಕಣ್ಣು ತೆಗೆದು ಇಡಲಿ, ಅಲ್ಲೇ ಇದ್ದವು. ಅವನು ಪೆನ್ಸಿಲು ಬಿಟ್ಟು ಪೆನ್ನು ತೆಗೆದುಕೊಂಡು ‘ದೋಷ ಇದೆ’ ಎಂದು ಬರೆದ. ಬರೆದು, ಟ್ರೇಯನ್ನೂ ಹದಿಮೂರು ವಾರದ ಹಳೆಯ ಗಾಜನ್ನೂ ಎತ್ತಿಕೊಂಡು, ಈ ಸಲ ಯೋಚಿಸಲು ಸಮಯ ಕೊಡದೆ ನಡೆದು, ಬಾಗಿಲು ತಟ್ಟದೆ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದ. ಹೇಳಬೇಕಾದದ್ದನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದ: ಸಾರ್, ನಾನೊಂದು ತಪ್ಪು ಮಾಡಿದ್ದೀನಿ. ಬಾಯಿಂದ ಬಂದದ್ದು ಬೇರೆ.

“ಸಾರ್, ಈ ಗಾಜಿಗೆ ನೀವು ಚೀಟಿ ಬರೆದಿಲ್ಲ. ಖಾಲಿ ಇದೆ.”

ದೊಡ್ಡ ಡಾಕ್ಟರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ತಲೆ ಎತ್ತಿ ಅವನು ನಿಂತ ದಿಕ್ಕಿಗೆ ನೋಡಿದರು. “ಮಗುಚಿ ಇಟ್ಟಿದ್ದೆನಲ್ಲ,” ಎಂದರು ಮೆಲ್ಲಗೆ. “ಖಾಲಿ ಅಂತ ನಿಂಗೆ ಹೇಗೆ ಗೊತ್ತಾಯ್ತು?”

ತಪ್ಪೊಪ್ಪಿಕೊಳ್ಳಲು ಬಂದವನು ಸಿಕ್ಕಿಬಿದ್ದಿದ್ದ. ಆ ಎರಡರ ನಡುವೆ ಎಷ್ಟು ಅಂತರವಿದೆಯೆಂದು ಅವನ ಬೆವರಿಗೆ ಗೊತ್ತಾಯಿತು. ಟ್ರೇಯನ್ನು ಮೇಜಿನ ಮೇಲಿಟ್ಟ. “ನೋಡ್ತೀನಿ ಸಾರ್,” ಎಂದ. “ಎತ್ತಿ ನೋಡ್ತೀನಿ. ದಿನಾ.”

“ಎಷ್ಟು ದಿನದಿಂದ?”

“ಹದಿನಾಲ್ಕು ತಿಂಗಳಾಯ್ತು. ನೀವು ಅವತ್ತು ಮೀಟಿಂಗಲ್ಲಿ ಕನ್ನಡಕ ಅಂದ್ರಲ್ಲ...” ಹಳೆಯ ಗಾಜನ್ನೂ ಟ್ರೇಯ ಪಕ್ಕಕ್ಕಿಟ್ಟ. “ಆ ಟೈಲರ್ ಹೆಂಗಸಿನ ಹಳೇ ಗಾಜಲ್ಲೂ ನಂಗೆ ಕಂಡಿತ್ತು ಸಾರ್. ಅನುಮಾನ ಅಂತ ಬರೆದೂ ಇದ್ದೆ. ನಿಮ್ಮ ಚೀಟಿ ನೋಡಿ ಅಳಿಸಿಬಿಟ್ಟೆ. ನೀವು ಬರೆದಿದ್ದು ತಪ್ಪು ಸಾರ್. ನಾನು ಅಳಿಸಿದ್ದು ಅದಕ್ಕಿಂತ ತಪ್ಪು.”

ಈಗ ಬೈಯುತ್ತಾರೆ ಎಂದುಕೊಂಡ. ಕೆಲಸ ಹೋಗುತ್ತದೆ, ಹೋಗಲಿ. ದೊಡ್ಡ ಡಾಕ್ಟರು ಕೈ ಚಾಚಿ ಟ್ರೇಗಾಗಿ ಮೇಜಿನ ಮೇಲೆ ತಡಕಿದರು. ತಡಕಿದ್ದನ್ನು ಅವನು ಈಗ ನೋಡಿದ. ಟ್ರೇ ಅವರ ಬೆರಳಿಗಿಂತ ಒಂದು ಗೇಣು ಆಚೆಗಿತ್ತು.

“ಕನ್ನಡಕ ಅಂದಿದ್ನಾ?” ಎಂದರು. “ನೆನಪೇ ಇಲ್ಲ ನೋಡು. ನನ್ನ ಕಣ್ಣಿಗೇ ಆಗ ಮಂಜು ಶುರುವಾಗಿತ್ತು. ಅದಕ್ಕೇ ಏನೋ ಬಾಯಿಗೆ ಬಂದಿರಬೇಕು.” ಟ್ರೇ ಕೊನೆಗೆ ಕೈಗೆ ಸಿಕ್ಕಿತು. “ರಿಟೈರಾಗೋಕೆ ಮನಸ್ಸಿರಲಿಲ್ಲ. ಒಂದು ಲೆಕ್ಕಾಚಾರ ಹಾಕ್ಕೊಂಡೆ. ಎರಡನೇ ಕಣ್ಣು ಇದೆಯಲ್ಲ ಅಂತ. ಯಾವತ್ತು ನಿನ್ನ ಚೀಟಿ ನನ್ನದಕ್ಕೆ ಹೊಂದೋದಿಲ್ವೋ ಅವತ್ತೇ ಮೈಕ್ರೋಸ್ಕೋಪ್ ಬಿಟ್ಟುಬಿಡೋಣ ಅಂತ. ಪ್ರತಿ ಸಂಜೆ ಆಫೀಸಿಗೆ ಹೋಗಿ ಕೇಳ್ತಿದ್ದೆ, ಇವತ್ತು ಎಷ್ಟು ಹೊಂದಲಿಲ್ಲ ಅಂತ. ಎಲ್ಲಾ ಹೊಂದಿದೆ ಸಾರ್ ಅನ್ನೋರು. ಹದಿನಾಲ್ಕು ತಿಂಗಳು, ಒಂದು ದಿನ ತಪ್ಪಲಿಲ್ಲ ನೀನು. ಪರವಾಗಿಲ್ಲ, ನನ್ನ ಕಣ್ಣು ಇನ್ನೂ ಗಟ್ಟಿಯಾಗಿದೆ ಅಂತ ಮನೆಗೆ ಹೋಗಿ ಹೆಂಡತಿಗೆ ಹೇಳ್ತಿದ್ದೆ.”

ಅವನಿಗೆ ಕೂರಬೇಕೆನಿಸಿತು. ಕೂರಲು ಯಾರೂ ಹೇಳಲಿಲ್ಲ, ಆದರೂ ಕೂತ. ಇಷ್ಟು ದಿನ ತಾನು ಆ ಮನುಷ್ಯನ ಎದುರು ಬಾಗಿದ್ದೇನೆ, ಅದರಿಂದ ಕೆಟ್ಟಿದ್ದರೆ ತಾನು ಕೆಟ್ಟೆ ಎಂದುಕೊಂಡಿದ್ದ. ಬಾಗಿ ಬಾಗಿ ಅವರನ್ನೂ ಕೆಡಿಸಿದ್ದೆ ಎನ್ನುವುದು ಈಗ ತಿಳಿಯಿತು. ತಪ್ಪದವರು ಎಂದು ಯಾರೂ ಹುಟ್ಟುವುದಿಲ್ಲ, ಎದುರಿನವರು ಬಾಯಿ ಮುಚ್ಚಿಕೊಂಡು ಹಾಗೆ ಮಾಡಿಡುತ್ತಾರೆ. ಸಂಜೆಯ ಭಾಷಣಕ್ಕೆ ಇದೊಂದು ಒಳ್ಳೆಯ ವಾಕ್ಯವಾಗುತ್ತದೆ ಎಂದು ಮನಸ್ಸು ಆ ಗಳಿಗೆಯಲ್ಲೂ ಲೆಕ್ಕ ಹಾಕಿತು, ಅದಕ್ಕಾಗಿ ತನ್ನ ಮೇಲೆ ಹೇಸಿಗೆಯಾಯಿತು. ತನ್ನ ಮನೆಯಲ್ಲಿ ಶಬ್ದವಾಗದಂತೆ ಮುಚ್ಚಿಕೊಳ್ಳುವ ಬಾಗಿಲು ನೆನಪಾಯಿತು.

“ಇವತ್ತು ಯಾಕೆ ಖಾಲಿ ಬಿಟ್ರಿ ಸಾರ್?”

“ಬೆಳಿಗ್ಗೆ ಆ ಹೆಂಗಸು ಬೆಂಚಿನ ಮೇಲೆ ಕೂತು ನಂಗೆ ಕೈ ಮುಗಿದ್ಲು. ಹೋದ ಸಲ ಚೆನ್ನಾಗಿ ನೋಡಿದ್ರಿ ಸಾರ್ ಅಂದ್ಲು. ಒಳಗೆ ಬಂದು ಗಾಜಿಟ್ರೆ ನಂಗೆ ಬಣ್ಣ ಕಂಡಿದ್ದು ಬಿಟ್ರೆ ಏನೂ ಕಾಣ್ಲಿಲ್ಲ. ಬರೆಯೋಕೆ ಕೈ ಬರಲಿಲ್ಲ. ನೀನೇನು ಬರೀತೀಯೋ ಅದನ್ನೇ ಬರೆಯೋಣ ಅಂತ ಕಾಯ್ತಿದ್ದೆ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ಒರೆಸಿಕೊಂಡರು. “ಏನು ಬರೆದಿದ್ದೀಯ?”

“ದೋಷ ಇದೆ ಅಂತ.”

“ನೀನೇ ನೋಡಿ ಬರೆದೆಯಾ?”

“ನೋಡಿ ಬರೆದೆ ಸಾರ್.”

“ಮೂರನೆಯವರಿಗೆ ಕಳಿಸೋಣ, ಎರಡು ಗಾಜನ್ನೂ. ಬೀರಲ್ಲಿರೋದನ್ನೆಲ್ಲ ತೆಗೀಬೇಕು, ಪೂರ್ತಿ ಹದಿನಾಲ್ಕು ತಿಂಗಳದ್ದು. ನಾನು ಮೇಲಿನವರಿಗೆ ಈಗಲೇ ಬರೀತೀನಿ, ಇಬ್ಬರ ಹೆಸರೂ ಹಾಕ್ತೀನಿ.” ಅವನು ಹೂಂ ಎಂದ. ದೊಡ್ಡ ಡಾಕ್ಟರು ಎದ್ದು ಮೇಜಿನ ಅಂಚು ಹಿಡಿದು ನಿಂತರು. “ಅವಳಿಗೆ ಯಾರು ಹೇಳೋದು? ನಾನು ಬರಲಾ?”

“ನಾನು ಹೇಳ್ತೀನಿ ಸಾರ್. ಆಮೇಲೆ ನೀವು ಬನ್ನಿ.”

ಹೊರಗೆ ಬರುವ ಮುನ್ನ ಮನೆಗೆ ಫೋನ್ ಮಾಡಿದ. ಹೆಂಡತಿ ಎತ್ತಿದಳು. ಇಸ್ತ್ರಿ ಅಂಗಿ ಬೇಡ, ಸಂಜೆ ನಾನು ಮಾತಾಡಲ್ಲ ಅಂತ ಸಭೆಯ ಹಿರಿಯರಿಗೆ ತಿಳಿಸು ಎಂದ. ಯಾಕೆ, ಮೈ ಹುಷಾರಿಲ್ವಾ ಎಂದಳು. ಹುಷಾರಿದ್ದೀನಿ. ಮತ್ತೆ ಏನಂತ ಹೇಳ್ಲಿ? “ಮಗಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲ ಅಂತ ಅವಳಿಗೆ ಹೇಳು,” ಎಂದ. “ಇಲ್ಲ, ಬೇಡ. ನಾನೇ ಬಂದು ಹೇಳ್ತೀನಿ.”

ಕಾರಿಡಾರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸು ಅಂಗಿಯ ಕೊನೆಯ ಗುಂಡಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಅವನ ಕೈಯಲ್ಲಿ ಕಾಗದವಿಲ್ಲದ್ದು ನೋಡಿ ಸ್ವಲ್ಪ ಗೊಂದಲವಾದಂತೆ ಕಂಡಳು. ಸೂಜಿಯನ್ನು ತೋಳಿಗೆ ಚುಚ್ಚಿಕೊಂಡು, ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿ, ಆಮೇಲೆ ಕೇಳಿದಳು.

“ಈ ಸಲವೂ ಇಬ್ಬರೂ ನೋಡಿದ್ರಾ ಅಣ್ಣಾ?”

“ಈ ಸಲ ಒಬ್ಬನೇ ನೋಡಿದ್ದು ತಾಯಿ, ನಾನು,” ಎಂದ. “ಹೋದ ಸಲವೂ ಒಬ್ಬನೇ. ಕಂಡದ್ದನ್ನ ಅಳಿಸಿಬಿಟ್ಟೆ.”

ಅವಳು ಅವನ ಮುಖವನ್ನು, ಅಳತೆ ತೆಗೆಯುವವರ ಹಾಗೆ, ಬಹಳ ಹೊತ್ತು ನೋಡಿದಳು. ಕುತ್ತಿಗೆಯ ಬಟ್ಟೆಯ ಮೇಲೆ ಕೈ ಹೋಗಿ ಅಲ್ಲೇ ನಿಂತಿತು. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದಳು.

“ಕೂತ್ಕೊಳ್ಳಿ,” ಎಂದಳು. “ನಿಂತ್ಕೊಂಡು ಹೇಳಬೇಡಿ. ಕೂತ್ಕೊಂಡು ಎಲ್ಲಾ ಹೇಳಿ.”